ಹಂಪ್ ಕಂಡರೆ ಮುಖ ತಿರುಗಿಸುವ ಕಾರು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಗಾಡಿಗಳ ಚಕ್ರಗಳನ್ನು ನೇರ ಮಾಡಿಕೊಡುವುದು ಅವಳ ಕಸುಬು. ಬೇರೆಯವರು ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ನೋಡಿಕೊಂಡು ಮಾಡುವ ಕೆಲಸವನ್ನು ಅವಳು ನಾಲ್ಕು ಕಬ್ಬಿಣದ ಗೂಟ, ಒಂದು ಉಂಡೆ ನೈಲಾನ್ ದಾರ ಮತ್ತು ತಂದೆಯ ಕಾಲದ ಒಂದು ಸ್ಟೀಲ್ ಸ್ಕೇಲಿನಿಂದ ಮಾಡುತ್ತಿದ್ದಳು. ಗಾಡಿಯ ಎರಡು ಪಕ್ಕಕ್ಕೂ ದಾರ ಬಿಗಿದು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಕುಳಿತಳೆಂದರೆ ಕೂದಲೆಳೆಯಷ್ಟು ಸೊಟ್ಟವೂ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಅವಳ ಕೈ ದಾಟಿ ಹೋದ ಒಂದು ಗಾಡಿಯೂ ಎಡಕ್ಕೆ ಎಳೆಯುತ್ತದೆ, ಬಲಕ್ಕೆ ಎಳೆಯುತ್ತದೆ ಎಂದು ದೂರು ಹೊತ್ತು ಮರಳಿ ಬಂದದ್ದಿಲ್ಲ. ಬಂದದ್ದು ಒಂದೇ ಒಂದು. ಅದು ಅವಳ ಸ್ವಂತ ಕಾರು. ದೂರು ಕೊಟ್ಟವರು ಹೆತ್ತ ತಾಯಿ.

ಶೆಡ್ಡಿನ ಹಿಂದೆಯೇ ಮನೆ. ಮನೆಯಲ್ಲಿ ಮೂವರು: ದಾರದಕ್ಕ, ತಾಯಿ ಮತ್ತು ತಮ್ಮ. ತಮ್ಮ ಕ್ಷೌರಿಕ. ಶೆಡ್ಡಿನ ಪಕ್ಕದಲ್ಲೇ ಎರಡು ಕುರ್ಚಿಗಳ ಅಂಗಡಿ ಇಟ್ಟಿದ್ದ. ಬಾಯಿ ಕತ್ತರಿಗಿಂತ ಚುರುಕು, ಮೈ ಬಾಚಣಿಗೆಗಿಂತ ಸ್ವಲ್ಪ ದಪ್ಪ. ತಾಯಿ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ಲಾರಿ ತೂಗುವ ಕೆಲಸ ಮಾಡಿ ನಿವೃತ್ತರಾದವರು. ಗಾಜಿನ ಕೋಣೆಯಲ್ಲಿ ಕುಳಿತು, ಬರುವ ಲಾರಿಯ ಟೈರು ಎಷ್ಟು ಚಪ್ಪಟೆಯಾಗಿದೆ ಎಂಬುದನ್ನು ನೋಡಿಯೇ ಇಷ್ಟು ಟನ್ನು ಎಂದು ಹೇಳುತ್ತಿದ್ದರು. ಯಂತ್ರ ಆಮೇಲೆ ಹೂಂಗುಟ್ಟುತ್ತಿತ್ತು. ಆ ಅಭ್ಯಾಸ ಮನುಷ್ಯರ ವಿಷಯದಲ್ಲೂ ಬಿಟ್ಟಿರಲಿಲ್ಲ. ಮನೆಗೆ ಯಾರಾದರೂ ಬಂದರೆ "ಬನ್ನಿ, ಕೂತ್ಕೊಳ್ಳಿ, ಎಪ್ಪತ್ತಾರಲ್ವಾ?" ಎಂದು ಕೇಳುವರು. ಬಂದವರು ವಯಸ್ಸೆಂದು ತಿಳಿದು ಮುನಿಸಿಕೊಳ್ಳುವರು. ಸ್ವಂತ ತೂಕವನ್ನೂ ಅವರು ಮುಚ್ಚಿಡುತ್ತಿರಲಿಲ್ಲ. "ನಾನು ತೊಂಬತ್ತೆರಡು. ಕನ್ನಡಕ ತೆಗೆದ್ರೂ ತೊಂಬತ್ತೆರಡೇ."

ಈ ತೊಂಬತ್ತೆರಡು ಕಿಲೋವನ್ನು ಹೊತ್ತ ಮಂಡಿಗಳು ನಾಲ್ಕು ವರ್ಷಗಳ ಹಿಂದೆ ಕೈಕೊಟ್ಟವು. ಸಮನೆಲದಲ್ಲಿ ಕೋಲು ಊರಿ ನಡೆಯಬಲ್ಲರು. ಆದರೆ ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ, ಜೀಪಿಗೆ ಕಾಲೆತ್ತುವಂತಿಲ್ಲ. ಸಾಧಾರಣ ಕಾರಿನ ಸೀಟು ಕೂಡ ಅವರಿಗೆ ಗುಡ್ಡ. ಹೊರಗಿನ ಪ್ರಪಂಚದಲ್ಲಿ ಅವರಿಗೆ ಉಳಿದದ್ದು ಒಂದೇ ಜಾಗ: ಪಟ್ಟಣದ ಆ ತುದಿಯಲ್ಲಿದ್ದ ಅಕ್ಕನ ಮನೆ. ಅಂದರೆ ನಮ್ಮ ದಾರದಕ್ಕನ ದೊಡ್ಡಮ್ಮ. ಅಕ್ಕತಂಗಿಯರು ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಎದುರುಬದುರು ಕುಳಿತು ಇಸ್ಪೀಟು ಆಡುತ್ತಿದ್ದರು. ಒಂದೇ ಪಂದ್ಯ, ಮುಗಿಯದ ಪಂದ್ಯ. ಅಂಕಗಳನ್ನು ಬರೆದ ನೋಟುಪುಸ್ತಕ ಏಳನೆಯದಕ್ಕೆ ಬಂದಿತ್ತು. ಅದರ ಮೊದಲ ಪುಟದಲ್ಲೇ ದೊಡ್ಡಮ್ಮನ ಮುದ್ದಾದ ಅಕ್ಷರದಲ್ಲಿ ಒಂದು ನಿಯಮ: ಸತತ ಮೂರು ಶನಿವಾರ ನಾಲ್ಕು ಗಂಟೆಯೊಳಗೆ ಬಂದು ಎಲೆ ಮುಟ್ಟದವರು ಪಂದ್ಯ ಸೋತಂತೆ.

ದೊಡ್ಡಮ್ಮನಿಗೆ ಸೊಂಟದ ಮೂಳೆ ಮುರಿದು ವರ್ಷವಾಗಿತ್ತು. ನಾಲ್ಕು ಕಾಲಿನ ಊರುಗೋಲು ಹಿಡಿದು ಕೋಣೆಯಿಂದ ಜಗಲಿಗೆ, ಜಗಲಿಯಿಂದ ಕೋಣೆಗೆ. ಆದ್ದರಿಂದ ಹೋಗಬೇಕಾದವರು ಇವರೇ. ಇಷ್ಟು ದಿನ ಮಕ್ಕಳಿಬ್ಬರೂ ಸೇರಿ ಹೇಗೋ ಕಾರಿಗೆ ಎತ್ತಿ ಕೂರಿಸುತ್ತಿದ್ದರು, ಈಗ ಅದೂ ಆಗದಾಯಿತು.

ತಾಯಿಯನ್ನು ಹೇಗೆ ಕರೆದೊಯ್ಯುವುದೆಂದು ದಾರದಕ್ಕ ಬಹಳ ಯೋಚಿಸಿದಳು. ಕೊನೆಗೆ ಒಂದು ದಿನ ತಾಯಿ ಊಟಕ್ಕೆ ಕೂರುವ ಕುರ್ಚಿಯ ಎತ್ತರಕ್ಕೆ ದಾರ ಹಿಡಿದು ಗಂಟು ಹಾಕಿಕೊಂಡು ಬಂದು ಕಾರಿನ ಸೀಟಿಗೆ ಹಿಡಿದಳು. ಸೀಟು ನಾಲ್ಕು ಬೆರಳು ಎತ್ತರ. ಸೀಟನ್ನು ಇಳಿಸಲು ಜಾಗವಿರಲಿಲ್ಲ.

"ಸೀಟು ಇಳಿಯಲ್ಲ ಅಂದ್ರೆ ಕಾರೇ ಇಳೀಲಿ," ಎಂದಳು.

ಹಾಗೆ ಅವಳು ತನ್ನ ಹಳೆಯ ನೀಲಿ ಕಾರಿಗೆ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿ ನಾಲ್ಕು ಬೆರಳು ನೆಲಕ್ಕಿಳಿಸಿದಳು. ತಾಯಿ ಕಾರಿಗೆ ಬೆನ್ನು ಕೊಟ್ಟು ನಿಂತು, ಊಟದ ಕುರ್ಚಿಗೆ ಕೂರುವಂತೆ ಕುಳಿತು, ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡರು. ಅಷ್ಟೇ! ಎರಡು ವಾರದಿಂದ ಮನೆ ಬಿಟ್ಟು ಕದಲದವರು ರಾಣಿಯಂತೆ ಕಿಟಕಿಗೆ ಮೊಣಕೈ ಊರಿದರು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೋಗುವ ಈ ಕಾರನ್ನು ಕಂಡು ಬೀದಿಯ ತರುಣರು ಹೆಬ್ಬೆರಳೆತ್ತಿ ತೋರಿಸುತ್ತಿದ್ದರು. ತಾಯಿಯೂ ಹೆಬ್ಬೆರಳೆತ್ತುತ್ತಿದ್ದರು. "ಅವರಿಗೆ ಶೋಕಿ, ನನಗೆ ಮಂಡಿ," ಎಂದು ನಗುತ್ತಿದ್ದರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಎರಡನೆಯ ಶನಿವಾರವೇ ಪ್ರಮಾದವಾಯಿತು. ಅಕ್ಕನ ಮನೆಯ ದಾರಿಯಲ್ಲಿ ಒಂಬತ್ತು ಹಂಪುಗಳು. ಎಂಟರ ಮೇಲೂ ಕಾರು ಸ್ವಲ್ಪ ಸೊಂಟ ಬಳುಕಿಸಿದ್ದು ನಿಜ. ಹೊಸ ಸ್ಪ್ರಿಂಗಲ್ಲವೇ ಎಂದು ದಾರದಕ್ಕ ಲಕ್ಷ್ಯ ಮಾಡಲಿಲ್ಲ. ಒಂಬತ್ತನೆಯ ಹಂಪಿನ ಬಲಭಾಗ ಆ ವಾರವಷ್ಟೇ ಕಿತ್ತು ಮಾಯವಾಗಿತ್ತು. ಎಡಚಕ್ರ ಮಾತ್ರ ಹಂಪಿನ ಮೇಲೇರಿತು. ಏರಿದ್ದೇ ತಡ, ಯಾರೋ ಕಿವಿ ಹಿಡಿದು ಎಳೆದಂತೆ ಕಾರು ಎಡಕ್ಕೆ ಜಿಗಿದು, ಹಾಸಿಗೆ ಅಂಗಡಿಯವನು ಬಿಸಿಲಿಗೆ ಸಾಲಾಗಿ ನಿಲ್ಲಿಸಿದ್ದ ಹತ್ತಿ ಹಾಸಿಗೆಗಳಲ್ಲಿ ಮೂತಿ ಹೂತು ನಿಂತಿತು. ಯಾರಿಗೂ ಒಂದು ಗೀರೂ ಇಲ್ಲ. ಆದರೆ ಒಂದು ದೊಡ್ಡ ಹಾಸಿಗೆ ನಿಧಾನವಾಗಿ ಬಾಗಿ, ಕಾರಿನ ಗಾಜನ್ನು ಪೂರ್ತಿ ಮುಚ್ಚಿತು.

ಒಳಗೆ ಕತ್ತಲೆ. ಕತ್ತಲೆಯಲ್ಲಿ ತಾಯಿಯ ಧ್ವನಿ: "ಮಗಳೇ, ಮಲಗಿಸೋದೇ ಆದ್ರೆ ಮನೇಲೇ ಹಾಸಿಗೆ ಇತ್ತಲ್ಲೇ."

ಹೊರಗೆ ಬಂದಮೇಲೆ ಅವರು ನಗಲಿಲ್ಲ. ಹಾಸಿಗೆ ಅಂಗಡಿಯವನು ಕೂರಿಸಿ ನೀರು ಕೊಟ್ಟ. ನೀರು ಕುಡಿದು, ಲೋಟ ಕೆಳಗಿಟ್ಟು, ಒಂದೊಂದೇ ಅಕ್ಷರ ತೂಗಿ ಹೇಳಿದರು: "ಇನ್ನು ಮೇಲೆ ಓಡೋ ಕಾರಲ್ಲಿ ನಾನು ಕೂರಲ್ಲ." ಹಾಸಿಗೆಗಳನ್ನು ಸಾಗಿಸುವ ತಗ್ಗಿನ ತಳ್ಳುಗಾಡಿಯ ಮೇಲೆ, ಒಂದು ಹಾಸಿಗೆಯ ನಡುವೆ ಕುಳಿತು, ಗಂಭೀರವಾಗಿ ಮನೆಗೆ ಮರಳಿದರು. ತಳ್ಳಿದವರು ತಮ್ಮ ಮತ್ತು ಹಾಸಿಗೆ ಅಂಗಡಿಯವನು.

ಆ ಶನಿವಾರ ತಪ್ಪಿತು. ಮುಂದಿನ ಶನಿವಾರ ತಾಯಿ ಹೊಸ್ತಿಲು ದಾಟಲಿಲ್ಲ. ಅದೂ ತಪ್ಪಿತು. ಸಂಜೆ ಐದಕ್ಕೆ ಫೋನು ಮೊಳಗಿತು.

"ಏ ಪುಟ್ಟಿ," ಎಂದರು ದೊಡ್ಡಮ್ಮ. ತೊಂಬತ್ತೆರಡು ಕಿಲೋದ ತಂಗಿಯನ್ನು ಪುಟ್ಟಿ ಎನ್ನುವವರು ಪ್ರಪಂಚದಲ್ಲಿ ಅವರೊಬ್ಬರೇ. "ಎರಡಾಯ್ತು. ಮೂರನೇದು ಬಂದ್ರೆ ಪಂದ್ಯ ನಂದು. ನಿಯಮ ನಿಯಮವೇ."

"ನಿಯಮ ನೀನೇ ಬರೆದದ್ದು."

"ಅದಕ್ಕೇ ನನಗೆ ಬಾಯಿಪಾಠ." ದೊಡ್ಡಮ್ಮ ಸಣ್ಣ ಧ್ವನಿಯಲ್ಲಿ ಸೇರಿಸಿದರು: "ನಾನು ಇವತ್ತೂ ಇಬ್ಬರಿಗೂ ಎಲೆ ಹಾಕ್ಕೊಂಡು ಕೂತಿದ್ದೆ ಕಣೇ. ನಿನ್ನ ಕೈಯಾಟಾನೂ ನಾನೇ ಆಡ್ದೆ. ನೀನೇ ಗೆದ್ದೆ."

ತಾಯಿ ಫೋನಿಟ್ಟು ಗೋಡೆಯತ್ತ ತಿರುಗಿ ಕುಳಿತರು. ಬಾಗಿಲ ಮರೆಯಲ್ಲಿದ್ದ ದಾರದಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಊರಿನ ಚಕ್ರಗಳನ್ನೆಲ್ಲ ನೇರ ಮಾಡುವವಳ ಕಾರಿನಲ್ಲಿ ಅವಳ ತಾಯಿಯೇ ಕೂರಲೊಲ್ಲರು. ಆರು ದಿನಗಳಿವೆ. ಅಷ್ಟರಲ್ಲಿ ಕಾರನ್ನು ಸರಿಮಾಡಬೇಕು. ಸರಿಯಾಯಿತೆಂದು ತಾಯಿ ನಂಬಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಭಾನುವಾರ ಅವಳು ದಾರ ಬಿಗಿದು ನೋಡಿದಳು. ಚಕ್ರಗಳು ಬಾಣದಂತೆ ನೇರವಾಗಿದ್ದವು. ಮತ್ತೆ ಬಿಗಿದಳು. ಮತ್ತೆ ನೇರ.

"ನಿಂತಾಗ ಎಷ್ಟು ಸಭ್ಯ ನೋಡು," ಎಂದ ತಮ್ಮ, ಬಾಗಿಲಿಗೆ ಒರಗಿ. "ಹಂಪ್ ಹತ್ತಿದಾಗ ಮಾತ್ರ ಪುಂಡಾಟ."

ಆ ಮಾತು ಕೇಳಿ ದಾರದಕ್ಕನ ತಲೆಯಲ್ಲಿ ದೀಪ ಹತ್ತಿತು. ದಾರ ಹೇಳುವುದು ನಿಂತ ಗಾಡಿಯ ವಿಷಯ. ಚಕ್ರ ಮೇಲೇರುವಾಗ ಏನಾಗುತ್ತದೆ ಎಂದು ದಾರಕ್ಕೇನು ಗೊತ್ತು? ಅವಳು ಕಾರಿನಡಿ ನುಸುಳಿ ಮಲಗಿದಳು. ಮೇಲೆ ನೋಡಿ ಹಣೆ ಚಚ್ಚಿಕೊಳ್ಳಬೇಕೆಂದುಕೊಂಡಳು. ಕೈ ಆಡಿಸಲು ಜಾಗವಿರಲಿಲ್ಲ. ಕಾರು ಅಷ್ಟು ತಗ್ಗು.

"ಏನಾಯ್ತಕ್ಕಾ?"

"ಚಕ್ರನ ಹೊತ್ತಿರೋದು ಒಂದು ದಪ್ಪ ತೋಳು. ತಿರುಗಿಸೋದು ಪಕ್ಕದಲ್ಲಿರೋ ಸಣ್ಣ ಸರಳು. ಎರಡೂ ಒಳತುದೀಲಿ ಕಾರಿಗೆ ಸಿಕ್ಕಿಕೊಂಡಿವೆ, ಹೊರತುದೀಲಿ ಚಕ್ರಕ್ಕೆ. ಚಕ್ರ ಮೇಲೆ ಹೋದಾಗ ಎರಡೂ ಒಟ್ಟಿಗೆ, ಒಂದೇ ಬಾಗಿನಲ್ಲಿ ಏಳಬೇಕು. ನಾನು ಕಾರು ಇಳಿಸ್ದೆ, ಎರಡರ ಓರೆ ಬೇರೆಬೇರೆ ಆಗೋಯ್ತು. ಈಗ ಸರಳು ಚಕ್ರದ ಹಿಂಭಾಗವನ್ನ ಒಳಕ್ಕೆ ಎಳ್ಕೊಳ್ಳತ್ತೆ. ಅರ್ಥ ಆಯ್ತಾ?"

"ಇಲ್ಲ."

"ಬಾಚಣಿಗೆ ಮೇಲೆ ಕತ್ತರಿ ಇಟ್ಟು ಹಿಂದಲೆ ಕತ್ತರಿಸ್ತೀಯಲ್ಲ, ಬಾಚಣಿಗೆ ಒಂದು ದಾರಿ, ಕತ್ತರಿ ಒಂದು ದಾರಿ ಹಿಡಿದ್ರೆ?"

"ಹಿಂದಲೆ ಮೆಟ್ಟಿಲಾಗತ್ತೆ." ತಮ್ಮನ ಕಣ್ಣರಳಿತು. "ಓಹೋ! ಅಂದ್ರೆ ಹಂಪ್ ಬಂದಾಗ ಯಾರೂ ಹೇಳ್ದೇನೇ ಚಕ್ರ ಮುಖ ಆ ಕಡೆ ತಿರುಗಿಸತ್ತೆ!"

"ಎರಡೂ ಹತ್ತಿದ್ರೆ ಜಗಳ ಆಡಿದ ಗಂಡಹೆಂಡತಿ ಹಾಗೆ ಒಂದು ಆ ಕಡೆ, ಒಂದು ಈ ಕಡೆ. ಒಂದೇ ಹತ್ತಿದ್ರೆ, ಕಾರು ಅದರ ಹಿಂದೇನೇ."

ಮದ್ದು ಕೇಳಲು ಸುಲಭ. ಸರಳಿನ ಹೊರತುದಿಯನ್ನು ಸ್ವಲ್ಪ ಕೆಳಗಿಳಿಸಿ, ದಪ್ಪ ತೋಳಿನ ಓರೆಗೆ ಹೊಂದಿಸಬೇಕು. ನಡುವೆ ಉಕ್ಕಿನ ಉಂಗುರಗಳನ್ನಿಟ್ಟು ಉದ್ದ ಬೋಲ್ಟು ಬಿಗಿಯಬೇಕು. ಎಷ್ಟು ಇಳಿಸಬೇಕು ಎಂಬುದೇ ತಲೆನೋವು. ಅಳೆಯುವುದು ಹೇಗೆ?

ಇಲ್ಲಿ ತಮ್ಮನ ಅಂಗಡಿ ಒದಗಿತು. ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿಯನ್ನು ದಾರದಕ್ಕ ಕೇಳದೆಯೇ ಎತ್ತಿಕೊಂಡು ಬಂದಳು. ಸ್ಪ್ರಿಂಗ್ ಕಳಚಿ, ಸ್ಟಿಯರಿಂಗನ್ನು ಬೆಲ್ಟಿನಿಂದ ಕಟ್ಟಿ, ಚಕ್ರ ತೆಗೆದ ಜಾಗದಲ್ಲಿ ಕನ್ನಡಿಯನ್ನು ಭದ್ರವಾಗಿ ಬಿಗಿದಳು. ಲೇಸರ್ ಟಾರ್ಚಿನ ಕೆಂಪು ಬೆಳಕು ಕನ್ನಡಿಗೆ ಬಡಿದು ಎದುರಿನ ಸುಣ್ಣದ ಗೋಡೆಯ ಮೇಲೆ ಚುಕ್ಕೆಯಾಗಿ ಕುಳಿತಿತು.

"ಈಗ ಜಾಕಿನಿಂದ ಚಕ್ರ ಕೂರೋ ಗುಂಬ ಏರಿಸು, ಇಳಿಸು. ಚುಕ್ಕೆ ಮೇಲೆ ಕೆಳಗೆ ಹೋದ್ರೆ ಪರವಾಗಿಲ್ಲ. ಪಕ್ಕಕ್ಕೆ ಹೋಗಬಾರದು."

ತಮ್ಮ ಜಾಕಿನ ಹಿಡಿ ಒತ್ತಿದ. ಚುಕ್ಕೆ ಒಂದಂಗುಲ ನೆಟ್ಟಗೆ ಏರಿ, ಆಮೇಲೆ ಕುಡಿದವನಂತೆ ವಾಲಿ, ಗೋಡೆಯಲ್ಲಿ ಅಂಗೈಯಗಲ ಪಕ್ಕಕ್ಕೆ ಓಡಿತು. ಇಬ್ಬರೂ ಬಾಯಿ ಬಿಟ್ಟು ನೋಡಿದರು. ಮರುಕ್ಷಣ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎಂಟು ದಿನ ಕಣ್ಣಿಗೆ ಬೀಳದೆ ಮನೆಯ ನೆಮ್ಮದಿ ಕೆಡಿಸಿದ ಕಳ್ಳ ಗೋಡೆಯ ಮೇಲೆ ಕೆಂಪಗೆ ಸಿಕ್ಕಿಬಿದ್ದಿದ್ದ.

ಅಲ್ಲಿಂದ ನಾಲ್ಕು ದಿನ ಆ ಶೆಡ್ಡಿನಲ್ಲಿ ನಡೆದದ್ದು ಕೆಲಸವೋ ಹುಚ್ಚೋ ಹೇಳುವುದು ಕಷ್ಟ. ಬೀದಿಯ ತುದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಜಮಾನ ಎರಡು, ನಾಲ್ಕು, ಆರು ಎಂದು ಹತ್ತು ಮಿಲಿಮೀಟರಿನವರೆಗೆ ಜೋಡಿಜೋಡಿ ಉಂಗುರಗಳನ್ನು ಕಡೆದುಕೊಟ್ಟ. ಒಂದು ಉಂಗುರ ಹಾಕುವುದು, ಜಾಕಿ ಒತ್ತುವುದು, ಗೋಡೆಯ ಮೇಲೆ ಪೆನ್ಸಿಲಿನಿಂದ ಚುಕ್ಕೆಯ ದಾರಿ ಬರೆಯುವುದು. ಎಂಟಕ್ಕೆ ಗೆರೆ ಇನ್ನೂ ವಾಲುತ್ತಿತ್ತು. ಹತ್ತು, ಎರಡು ಸೇರಿಸಿ ಹನ್ನೆರಡು ಮಾಡಿದಾಗ ಗೆರೆ ನೆಟ್ಟಗಾಯಿತು. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಾದಿದ್ದ ಗಿರಾಕಿಯೊಬ್ಬ ಬೇಸತ್ತು ಶೆಡ್ಡಿಗೇ ಬಂದು, ನಿಂತು, ತಾನೂ ನೋಡಿದ. "ಇನ್ನೊಂದ್ಸಲ ಒತ್ತಿ," ಎಂದ. ನೊರೆ ಒಣಗಿ ಉದುರಿದರೂ ಅವನು ಹೋಗಲಿಲ್ಲ.

ಗುರುವಾರ ಎರಡೂ ಪಕ್ಕ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಸ್ಪ್ರಿಂಗ್ ಹಾಕಿ, ದಾರ ಬಿಗಿದು ಮೊದಲಿನಂತೆ ನೇರ ಮಾಡಿ, ದಾರದಕ್ಕ ಒಬ್ಬಳೇ ಕಾರು ಹತ್ತಿ ಬೀದಿಯ ಹಂಪಿನ ಮೇಲೆ ಹೋಗಿಬಂದಳು. ಹಂಪ್ ದಾಟುವಾಗ ಎರಡೂ ಕೈ ಬಿಟ್ಟಳು. ಕಾರು ಗೆರೆ ಎಳೆದಂತೆ ಹೋಯಿತು. ಅವಳು ಹಾರನ್ ಒತ್ತಿಕೊಂಡೇ ಮರಳಿದಳು.

ತಾಯಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾಲ್ಕು ದಿನದಿಂದ ಕುಳಿತಿದ್ದರು.

"ನೋಡಿದ್ಯಾಮ್ಮ! ಕೈ ಬಿಟ್ಟು ಓಡಿಸ್ದೆ!"

"ನೋಡ್ದೆ. ಅಳೆಯುವಾಗ ಕಾರಲ್ಲಿ ಎಷ್ಟು ತೂಕ ಇಟ್ಟಿದ್ದೆ?"

"ತೂಕಾನಾ? ಏನೂ ಇಲ್ಲ. ಖಾಲಿ. ಸ್ಟೆಪ್ನಿ ಕೂಡ ತೆಗೆದಿದ್ದೆ. ಅಪ್ಪ ಹೇಳಿಕೊಟ್ಟ ಹಾಗೆ."

ನಿಜ. ತಂದೆಯ ಕಾಲದಿಂದ ಆ ಶೆಡ್ಡಿಗೆ ಅದೊಂದು ವ್ರತವಿದ್ದಂತೆ: ಅಳತೆಗೆ ಮೊದಲು ಗಾಡಿಯನ್ನು ಬರಿದು ಮಾಡಬೇಕು. ಡಿಕ್ಕಿಯ ಸಾಮಾನು, ಸೀಟಿನಡಿಯ ಛತ್ರಿ, ಕೊನೆಗೆ ಡ್ಯಾಶ್‌ಬೋರ್ಡಿನ ಪೆನ್ನು ಕೂಡ ಹೊರಗೆ. ಗಾಡಿ ಹುಟ್ಟಿದ ದಿನದಂತೆ ನಿಲ್ಲಬೇಕು.

ತಾಯಿಯ ಭುಜಗಳು ಕುಣಿಯತೊಡಗಿದವು. ಅಳುತ್ತಿದ್ದಾರೇನೋ ಎಂದು ದಾರದಕ್ಕ ಗಾಬರಿಯಾದಳು. ಅವರು ನಗುತ್ತಿದ್ದರು.

"ನಿಮ್ಮಪ್ಪ ಜೀವಮಾನವೆಲ್ಲ ಖಾಲಿ ಗಾಡಿ ನೋಡಿದ್ರು. ನಾನು ತುಂಬಿದ್ದು ನೋಡ್ದೆ. ಮೂವತ್ತೊಂದು ವರ್ಷ ಒಂದೇ ಚೀಟೀಲಿ ಎರಡು ಸಾಲು ಬರೆದೆ ಕಣೇ, ಖಾಲಿ ತೂಕ, ತುಂಬಿದ ತೂಕ. ಎರಡೂ ಒಂದೇ ಆಗಿದ್ರೆ ನನಗೆ ಸಂಬಳ ಯಾಕೆ ಕೊಡ್ತಿದ್ರು? ನಾಳೆ ಆ ಸೀಟಲ್ಲಿ ಕೂರೋದು ಗಾಳಿಯಲ್ಲ, ತೊಂಬತ್ತೆರಡು ಕಿಲೋ."

ದಾರದಕ್ಕನ ಮುಖ ಸಪ್ಪಗಾಯಿತು. ಅವಳು ಖಾಲಿ ಕಾರಿನ ಎತ್ತರದಿಂದ ಎರಡು ಬೆರಳು ಮೇಲೆ, ಎರಡು ಬೆರಳು ಕೆಳಗೆ ಮಾತ್ರ ಅಳೆದಿದ್ದಳು. ತಾಯಿ ಕುಳಿತರೆ ಕಾರು ಆ ಎರಡು ಬೆರಳನ್ನು ಹಂಪ್ ಬರುವ ಮೊದಲೇ ತಿಂದುಬಿಡುತ್ತದೆ. ಹಂಪ್ ಬಂದಾಗ ಚಕ್ರ ಏರುವ ಜಾಗ ಅವಳು ಅಳೆಯದ ಜಾಗ.

"ಇರಲಿ, ಪರೀಕ್ಷೆ ಮಾಡೋಣ," ಎಂದ ತಮ್ಮ. "ನಾನು ಕೂರ್ತೀನಿ."

"ನೀನು ಐವತ್ತು," ಎಂದರು ತಾಯಿ. "ಜೇಬಲ್ಲಿ ಬಾಚಣಿಗೆ ಇದ್ರೆ ಐವತ್ತು ಚಿಲ್ಲರೆ. ಆ ಹಾಸಿಗೆ ಅಂಗಡಿಯವರನ್ನ ಕರಿ. ಅವರು ನೂರಾ ನಾಲ್ಕು."

ಹಾಸಿಗೆ ಅಂಗಡಿಯವನು ಸಂಭ್ರಮದಿಂದಲೇ ಬಂದ. ಅಂದಿನ ಪ್ರಸಂಗದಿಂದ ಅವನ ವ್ಯಾಪಾರ ಏರಿತ್ತು. ಆ ಹಾಸಿಗೆಗೆ "ಕಾರು ತಡೆದ ಹಾಸಿಗೆ" ಎಂದು ಫಲಕ ತೂಗುಹಾಕಿದ್ದ. "ನೂರಾ ನಾಲ್ಕಲ್ಲಮ್ಮ, ನೂರಾ ಮೂರೂವರೆ," ಎಂದು ಮುಂದಿನ ಸೀಟಿನಲ್ಲಿ ಕುಳಿತ. ತಮ್ಮ ಹಿಂದೆ. ಕಾರು ನಿಟ್ಟುಸಿರು ಬಿಟ್ಟು ಕುಗ್ಗಿತು. ಹಂಪಿನ ಮೇಲೆ ಹೋದಾಗ ದಾರದಕ್ಕ ಕೈ ಸಡಿಲಿಸಿದಳಷ್ಟೇ. ಕಾರು ಮೆಲ್ಲನೆ, ಆದರೆ ಖಂಡಿತವಾಗಿ, ಮೂತಿ ಎಡಕ್ಕೆ ತಿರುಗಿಸಿತು.

"ಅಯ್ಯಯ್ಯೋ, ನನ್ನ ಅಂಗಡಿ ಕಡೆಗೇ ಎಳೀತಿದೆ! ದಾರಿ ನೆನಪಿಟ್ಕೊಂಡಿದೆ ಇದು!" ಎಂದು ಹಾಸಿಗೆ ಅಂಗಡಿಯವನು ಕೂಗಿದ.

ಶೆಡ್ಡಿಗೆ ಮರಳಿದಾಗ ಹನ್ನೊಂದು ಗಂಟೆ. ದಾರದಕ್ಕ ತಾಯಿಯ ಮುಂದೆ ನೆಲದ ಮೇಲೇ ಕುಳಿತಳು.

"ಅಮ್ಮಾ, ನೀನು ಒಂದು ಗಳಿಗೆ ಕಾರಲ್ಲಿ ಕೂರಬೇಕು. ಎಷ್ಟು ಕುಗ್ಗುತ್ತೆ ಅಂತ ಗುರುತು ಮಾಡ್ಕೋಬೇಕು."

ತಾಯಿ ಗಂಭೀರರಾದರು. "ನಾನು ಆಡಿದ ಮಾತು?"

"ಓಡೋ ಕಾರಲ್ಲಿ ಕೂರಲ್ಲ ಅಂದಿದ್ದೆ. ಇದು ಓಡಲ್ಲ. ಬೇಕಿದ್ರೆ ಚಕ್ರಕ್ಕೆ ಇಟ್ಟಿಗೆ ಕೊಡ್ತೀನಿ."

"ನಾಲ್ಕಕ್ಕೂ ಕೊಡು."

ನಾಲ್ಕೂ ಚಕ್ರಗಳ ಹಿಂದೆ ಮುಂದೆ ಎಂಟು ಇಟ್ಟಿಗೆ ಇಟ್ಟ ಮೇಲೆ ಅವರು ಬೆನ್ನು ಕೊಟ್ಟು ನಿಂತು ಕುಳಿತರು. ಕುಳಿತವರು ಕಾಲು ಒಳಗೆಳೆದುಕೊಂಡು, ಅರಿವಿಲ್ಲದೆಯೇ ಮೊಣಕೈಯನ್ನು ಕಿಟಕಿಗೆ ಊರಿದರು. ದಾರದಕ್ಕ ಅದನ್ನು ನೋಡಿದಳು. ನೋಡದಂತೆ ದಾರ ಹಿಡಿದು, ಚಕ್ರದ ಮೇಲಿನ ತಗಡಿನ ಅಂಚಿನ ಎತ್ತರಕ್ಕೆ ಗಂಟು ಹಾಕಿಕೊಂಡಳು. ತಮ್ಮನನ್ನು ಹಿಂದೆ ಕೂರಿಸಿ ಇನ್ನೊಂದು ಗಂಟು. ಹಾಸಿಗೆ ಅಂಗಡಿಯವನನ್ನೂ ಕೂರಿಸಿ ಮೂರನೆಯ ಗಂಟು. "ಇನ್ಯಾರಾದ್ರೂ ಇದಾರಾ?" ಎಂದು ಹಾಸಿಗೆ ಅಂಗಡಿಯವನು ಕೇಳುವಷ್ಟರಲ್ಲಿ ಅರ್ಧ ಗಡ್ಡದ ಗಿರಾಕಿ ಬಾಗಿಲು ತೆರೆದು ನುಸುಳಿದ್ದ. ನಾಲ್ಕನೆಯ ಗಂಟು. ನಿಂತ ಕಾರಿನಲ್ಲಿ ನಾಲ್ವರು ಕುಳಿತು ಚಹ ಕುಡಿದರು. ಹೋಗುವವರು ನಿಂತು, ಎಲ್ಲಿಗೆ ಪ್ರಯಾಣ ಎಂದು ಕೇಳಿದರು. "ಎಲ್ಲಿಗೂ ಇಲ್ಲ," ಎಂದು ತಾಯಿ ಕಿಟಕಿಯಿಂದ ಉತ್ತರಿಸಿದರು, "ತೂಕಕ್ಕೆ ಬಂದಿದೀವಿ."

ಮತ್ತೆ ಸ್ಪ್ರಿಂಗ್ ಕಳಚಿ ಕನ್ನಡಿ ಕಟ್ಟಿದ್ದಾಯಿತು. ಈ ಸಲ ದಾರದಕ್ಕ ನಾಲ್ಕನೆಯ ಗಂಟಿನಿಂದಾಚೆಗೂ, ಏರಿಕೆ ತಡೆಯುವ ಮೇಲಿನ ರಬ್ಬರು ತಗಲುವವರೆಗೂ ಜಾಕಿ ಒತ್ತಿಸಿದಳು. ಚುಕ್ಕೆ ನೆಟ್ಟಗೆ ಏರುತ್ತ ಏರುತ್ತ, ಕೊನೆಯಲ್ಲಿ ಛತ್ರಿಯ ಹಿಡಿಯಂತೆ ಕೊಕ್ಕೆಯಾಯಿತು. ಇನ್ನೂ ಮೂರು ಮಿಲಿಮೀಟರ್ ಬೇಕು. ಲೇತ್ ಯಜಮಾನ ನೆಂಟರ ಮನೆಗೆ ಹೋಗಿದ್ದ, ಬರುವುದು ಸೋಮವಾರ.

ದಾರದಕ್ಕ ಸುತ್ತಲೂ ನೋಡಿದಳು. ಡಬ್ಬಿಗಳನ್ನು ಸುರಿದಳು. ಇದ್ದ ಉಂಗುರಗಳನ್ನು ಅದಲುಬದಲು ಮಾಡಿದರೆ ಎರಡು ಮಿಲಿ ಹೆಚ್ಚಿಸಬಹುದಿತ್ತು, ನಾಲ್ಕು ಹೆಚ್ಚಿಸಬಹುದಿತ್ತು. ಎರಡಕ್ಕೆ ಕೊಕ್ಕೆ ಉಳಿಯಿತು; ನಾಲ್ಕಕ್ಕೆ ಗೆರೆ ಆ ಬದಿಗೆ ಬಾಗಿತು. ಆಗ ಅವಳ ದೃಷ್ಟಿ ಬಾಗಿಲಾಚೆಯ ತಮ್ಮನ ಅಂಗಡಿಯ ಎರಡು ಕುರ್ಚಿಗಳ ಬುಡದ ಮೇಲೆ ನೆಟ್ಟಿತು. ಕುರ್ಚಿ ತಿರುಗುವ ಕಂಬಕ್ಕೆ ಒಂದೊಂದು ಉಕ್ಕಿನ ಉಂಗುರ.

"ಬೇಡಕ್ಕಾ," ಎಂದ ತಮ್ಮ. "ಹಾಗೆ ನೋಡಬೇಡ."

"ಗಟ್ಟಿ ಉಕ್ಕು. ಅಳತೆ ನೋಡ್ತೀನಿ ಅಷ್ಟೇ."

"ನೋಡಿದ್ಮೇಲೆ ನೀನು ಬಿಡಲ್ಲ!"

ಕ್ಯಾಲಿಪರ್ ಮೂರು ಮಿಲಿಮೀಟರ್ ಎಂದಿತು, ಇನ್ನೊಂದಕ್ಕೂ ಮೂರೇ. ತೂತಿನ ಅಳತೆಯೂ ಒಪ್ಪಿತು. ತಮ್ಮ ಆಕಾಶ ನೋಡಿದ. ಸೋಮವಾರ ಲೇತಿನ ಉಂಗುರಗಳು ಬರುವವರೆಗೆ ಅವನ ಎರಡೂ ಕುರ್ಚಿಗಳು ತಿರುಗಲಿಲ್ಲ. ಗಿರಾಕಿಗಳನ್ನು ಕೂರಿಸಿ ಅವನೇ ಸುತ್ತು ಹೊಡೆದ. ಆದರೆ ಉಂಗುರ ಕೂರಿಸಿ ಜಾಕಿ ಒತ್ತಿದಾಗ, ಕೆಂಪು ಚುಕ್ಕೆ ಕೆಳಗಿನಿಂದ ಮೇಲಿನ ತುದಿಯವರೆಗೆ ಸ್ಕೇಲಿಟ್ಟು ಎಳೆದಂತೆ ಏರಿತು. ಮೊದಲು ಚಪ್ಪಾಳೆ ತಟ್ಟಿದವನು ತಮ್ಮನೇ.

ಶನಿವಾರ ಮಧ್ಯಾಹ್ನ ಎರಡೂವರೆಗೆ ತಾಯಿ ಇಸ್ತ್ರಿ ಸೀರೆಯುಟ್ಟು ಬಾಗಿಲಿಗೆ ಬಂದರು. ಕಾರಿನತ್ತ ನೋಡಿದರು. ಮಗಳತ್ತ ನೋಡಿದರು. ಮಗಳ ಉಗುರುಗಳಲ್ಲಿ ಗ್ರೀಸು, ಕಣ್ಣಲ್ಲಿ ಪರೀಕ್ಷೆಗೆ ಕೂತ ಹುಡುಗಿಯ ಭಯ.

"ಒಂದು ಷರತ್ತು," ಎಂದರು. "ಮೊದಲನೇ ಹಂಪಿನ ಮೇಲೆ ಎರಡೂ ಕೈ ಬಿಡಬೇಕು. ನಾನು ಒಳಗಿರುವಾಗ."

"ಬಿಡ್ತೀನಮ್ಮ. ನಡಿಗೆಯ ವೇಗದಲ್ಲಿ."

ಮೊದಲನೆಯ ಹಂಪ್ ಬಂತು. ತಾಯಿ ಕಣ್ಣು ಮುಚ್ಚಿದರು. ಹಿಂದೆ ಕುಳಿತ ತಮ್ಮ ತಲೆಯನ್ನು ಮೊಣಕಾಲಿಗಿಟ್ಟ. ದಾರದಕ್ಕ ಕೈಯೆತ್ತಿದಳು. ಕಾರು ಏರಿತು, ಇಳಿಯಿತು, ನೆಟ್ಟಗೆ ಹೋಯಿತು.

ತಾಯಿ ಒಂದು ಕಣ್ಣು ತೆರೆದರು. "ಆಯ್ತಾ?"

"ಆಯ್ತು."

"ನಾನು ನೋಡ್ಲಿಲ್ಲ. ವಾಪಸ್ ತಿರುಗಿಸು."

ಮತ್ತೆ ದಾಟಿದರು. ಈ ಸಲ ಕಣ್ಣು ತೆರೆದಿದ್ದರು. ಮೂರನೆಯ ಸಲ "ಹೋಯ್!" ಎಂದರು. ನಾಲ್ಕನೆಯ ಸಲ ತಾವೂ ಎರಡು ಕೈ ಮೇಲೆತ್ತಿದರು. ಎರಡನೆಯ ಹಂಪಿನಲ್ಲೂ ಇದೇ ಕಥೆ, ಮೂರನೆಯದರಲ್ಲೂ ಇದೇ. ತಮ್ಮ ಗಡಿಯಾರ ತೋರಿಸಿ ಗೋಗರೆದ: "ಅಮ್ಮಾ, ಮೂರೂಕಾಲು! ಪಂದ್ಯ ಹೋಗತ್ತೆ!" ಒಂಬತ್ತನೆಯ ಹಂಪಿನ ಬಳಿ ಹಾಸಿಗೆ ಅಂಗಡಿಯವನು ಮುನ್ನೆಚ್ಚರಿಕೆಯಾಗಿ ಅತಿ ದಪ್ಪನೆಯ ಹಾಸಿಗೆಯನ್ನು ಮುಂದೆ ನಿಲ್ಲಿಸಿ, ಅದರ ಹಿಂದೆ ತಾನು ನಿಂತಿದ್ದ. ಎಡಚಕ್ರ ಹತ್ತಿತು, ಬಲಚಕ್ರ ಹತ್ತಲಿಲ್ಲ. ಕಾರು ಒಂದು ಕಡೆ ವಾಲಿತೇ ಹೊರತು ಗೆರೆ ಬಿಡಲಿಲ್ಲ. ತಾಯಿ ಹಾದುಹೋಗುತ್ತ ಕಿಟಕಿಯಿಂದ ಕೈಚಾಚಿ ಹಾಸಿಗೆಯ ಬೆನ್ನು ತಟ್ಟಿದರು.

ದೊಡ್ಡಮ್ಮ ಜಗಲಿಯಲ್ಲಿದ್ದರು. ಮುಂದೆ ಮೇಜು, ಮೇಜಿನ ಮೇಲೆ ಎಲೆ, ಏಳನೆಯ ನೋಟುಪುಸ್ತಕ, ಮೇಜುಗಡಿಯಾರ. ನಾಲ್ಕಕ್ಕೆ ಮೂರು ನಿಮಿಷ. ಮುಖದಲ್ಲಿ ಗೆಲ್ಲುವ ಹಟ. ಕಣ್ಣು ಮಾತ್ರ ರಸ್ತೆಯ ತುದಿಗೆ ಅಂಟಿಕೊಂಡಿತ್ತು. ಕಾರು ಜಗಲಿಯ ಪಕ್ಕಕ್ಕೇ ಬಂದು ನಿಂತಿತು. ಜಗಲಿ ನೆಲಮಟ್ಟದ್ದು.

"ಮೂರು ನಿಮಿಷ ಇದೆ," ಎಂದರು ದೊಡ್ಡಮ್ಮ, ಗಡಿಯಾರದತ್ತ ಬೆರಳು ತೋರಿಸಿ. "ಇಳಿ ಪುಟ್ಟಿ, ಬೇಗ ಇಳಿ. ಎಲೆ ಮುಟ್ಟು."

ತಾಯಿ ಬಾಗಿಲ ಹಿಡಿಗೆ ಕೈ ಹಾಕಿದರು. ಹಾಕಿದವರು ಅಕ್ಕನ ಊರುಗೋಲನ್ನು ನೋಡಿದರು, ಅಕ್ಕ ಕುಳಿತ ಕುರ್ಚಿಯನ್ನು ನೋಡಿದರು, ಕುರ್ಚಿಯ ಎತ್ತರವನ್ನು ಕಣ್ಣಿನಲ್ಲೇ ಅಳೆದರು. ಕೈ ಹಿಂದೆಗೆದುಕೊಂಡರು.

"ಅಕ್ಕಾ, ಆಟ ಇರಲಿ. ನೀನು ಹತ್ತು."

"ನಾನಾ? ನನ್ನ ಕೈಲಿ ಕಾರು ಹತ್ತಕ್ಕಾಗತ್ತೇನೇ?"

"ಹತ್ತಬೇಡ, ಕೂತ್ಕೋ. ಕುರ್ಚಿ ಮೇಲೆ ಕೂತ ಹಾಗೆ. ಬೆನ್ನು ಕೊಟ್ಟು ನಿಂತ್ಕೊಂಡು ಕೂತ್ಕೋ."

"ನಾಲ್ಕು ಹೊಡೆಯತ್ತೆ. ನೀನು ಇಳಿದಿಲ್ಲ. ಸೋತುಬಿಡ್ತೀಯ."

"ಸೋತೆ ಅಂತ ಬರ್ಕೋ. ಬರ್ಕೊಂಡು ಬಾ."

ಗಡಿಯಾರ ನಾಲ್ಕು ಹೊಡೆಯಿತು. ಹನ್ನೊಂದು ವರ್ಷದ ಪಂದ್ಯ ಮುಗಿಯಿತು. ದೊಡ್ಡಮ್ಮ ಪೆನ್ನು ಎತ್ತಿಕೊಂಡರು, ಇಟ್ಟರು. ದಾರದಕ್ಕ ಒಂದು ಕೈ, ತಮ್ಮ ಒಂದು ಕೈ. ನಾಲ್ಕು ಹೆಜ್ಜೆ. ಬೆನ್ನು ಕೊಟ್ಟು ನಿಂತರು, ಕುಳಿತರು. ಒಂದು ಕಾಲು, ಆಮೇಲೆ ಇನ್ನೊಂದು. ಹಿಂದಿನ ಸೀಟಿನಲ್ಲಿ ಕುಳಿತು ಅವರು ತಮ್ಮ ಮನೆಯನ್ನು ಹೊರಗಿನಿಂದ, ವರ್ಷದ ಮೇಲೆ ಮೊದಲ ಸಲ, ನೋಡಿದರು.

"ಗೋಡೆಗೆ ಬಣ್ಣ ಹೋಗಿದೆ," ಎಂದರು. "ಎಲ್ಲಿಗೆ ಹೋಗ್ತಿದೀವಿ?"

"ಹಂಪ್ ನೋಡಕ್ಕೆ," ಎಂದರು ತಾಯಿ. ಕನ್ನಡಿಯಲ್ಲಿ ಅಕ್ಕನನ್ನು ತೂಗಿ ಮಗಳಿಗೆ ಹೇಳಿದರು: "ಐವತ್ತೇಳು. ನಿನ್ನ ಗಂಟಿನ ಒಳಗೇ ಇದೀವಿ. ನಡಿ."

ಒಳಗೇ ಇದ್ದೇವೆಂದು ದಾರದಕ್ಕನಿಗೂ ಗೊತ್ತಿತ್ತು. ಆದರೂ ಹಂಪ್ ಹತ್ತಿರ ಬಂದಂತೆ ಅವಳು ವೇಗ ಇನ್ನಷ್ಟು ತಗ್ಗಿಸಿದಳು. ಚಕ್ರಗಳು ಏರಿದವು. ಅವಳು ಕೈ ಎತ್ತಿದಳು. ಮುಂದಿನ ಸೀಟಿನಲ್ಲಿ ಎರಡು ಕೈ ಎದ್ದವು. ಹಿಂದೆ, ಸ್ವಲ್ಪ ತಡೆದು, ಇನ್ನೆರಡು ಸಣ್ಣ ಕೈಗಳು ಎದ್ದವು. ಕಾರು ಹಂಪನ್ನು ದಾಟಿ ನೆಟ್ಟಗೆ ಹೋಯಿತು.

"ಪುಟ್ಟಿ," ಎಂದರು ದೊಡ್ಡಮ್ಮ, ಉಸಿರು ತೆಗೆದುಕೊಂಡು, "ನಾನು ಕಣ್ಣು ಮುಚ್ಚಿದ್ದೆ. ಇನ್ನೊಂದ್ಸಲ ಹೋಗೋಣ."